ಸ್ಪಷ್ಟನೆ: ಗಡ್ಡೆಯ ಗಾತ್ರವೊಂದೇ ಕಾರಣವಲ್ಲ

"ಅಮೆರಿಕದ ಕಪ್ಪು ಮಹಿಳೆಯರಿಗೆ ಫೈಬ್ರಾಯ್ಡ್ ಗಡ್ಡೆ ದೊಡ್ಡದಿರುತ್ತದೆ, ಅದಕ್ಕೇ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆಯುತ್ತಾರೆ, ತಾರತಮ್ಯವೇನಿಲ್ಲ" ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧಸತ್ಯ. ಫೈಬ್ರಾಯ್ಡ್ ಎಂದರೆ ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆ.

ಗಡ್ಡೆ ಅವರಲ್ಲಿ ಹೆಚ್ಚು, ಬೇಗ ಬರುತ್ತದೆ ಎನ್ನುವುದು ನಿಜ. 2003ರ ಅಧ್ಯಯನವೊಂದರ ಅಂದಾಜಿನಂತೆ 50ರ ವಯಸ್ಸಿನೊಳಗೆ ಕಪ್ಪು ಮಹಿಳೆಯರಲ್ಲಿ ಶೇ 80ಕ್ಕೂ ಹೆಚ್ಚು, ಬಿಳಿಯರಲ್ಲಿ ಸುಮಾರು ಶೇ 70 ಮಂದಿಗೆ ಗಡ್ಡೆ ಇರುತ್ತದೆ. ಆದರೆ ಗರ್ಭಕೋಶದ ಗಾತ್ರ, ವಿಮೆ, ಬೊಜ್ಜು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದು ಹೋಲಿಸಿದಾಗಲೂ ಕಪ್ಪು ಮಹಿಳೆಯರಿಗೆ ಲ್ಯಾಪರೊಸ್ಕೋಪಿ (ಹೊಟ್ಟೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಶಸ್ತ್ರಚಿಕಿತ್ಸೆ) ಸಿಗುವುದು ಬಿಳಿಯರಿಗಿಂತ ಕಡಿಮೆ. ಪರಿಣಾಮ ಸಣ್ಣದಲ್ಲ: ತೆರೆದ ಶಸ್ತ್ರಚಿಕಿತ್ಸೆಯಾದರೆ ಚೇತರಿಕೆಗೆ ಸುಮಾರು 6 ವಾರ, ಲ್ಯಾಪರೊಸ್ಕೋಪಿಗೆ 2ರಿಂದ 4 ವಾರ; ಗಾಯದ ಸೋಂಕೂ ತೆರೆದದ್ದರಲ್ಲೇ ಹೆಚ್ಚು.

"ದೊಡ್ಡದಾಗಿದೆ, ಕೊಯ್ಯಲೇಬೇಕು" ಎಂಬುದೂ ಎಲ್ಲರಿಗೂ ಅನ್ವಯಿಸದು. ಕೆಲವರಲ್ಲಿ ಚುಚ್ಚುಮದ್ದಿನಿಂದ ಮೂರು ತಿಂಗಳಲ್ಲಿ ಗಡ್ಡೆ ಕುಗ್ಗಿಸಿ, ಕಬ್ಬಿಣಾಂಶ ಕೊಟ್ಟು ರಕ್ತಹೀನತೆ ಸರಿಪಡಿಸಿದರೆ ಹೊಟ್ಟೆ ಕೊಯ್ಯುವುದು ತಪ್ಪಬಹುದು. ಗರ್ಭಕೋಶದ ಒಳಗಿನ ಟೊಳ್ಳಿಗೆ ಚಾಚಿದ ಸಣ್ಣ ಗಡ್ಡೆಯನ್ನು ಹಿಸ್ಟರೊಸ್ಕೋಪಿಯಿಂದ (ಯೋನಿಯ ಮೂಲಕ ಸಣ್ಣ ದರ್ಶಕ ನಳಿಕೆ ತೂರಿಸಿ), ಹೊಟ್ಟೆ ಕೊಯ್ಯದೆಯೇ ತೆಗೆಯಬಹುದು. ಶಸ್ತ್ರವೈದ್ಯರ ಪಳಗಿದ ಕೈಯೂ ಇಲ್ಲಿ ಬಹಳ ಮುಖ್ಯ.

2014ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲ್ಯಾಪರೊಸ್ಕೋಪಿಯಲ್ಲಿ ಗಡ್ಡೆ ತುಂಡರಿಸಲು ಬಳಸುವ ವಿದ್ಯುತ್ ಉಪಕರಣದ ವಿರುದ್ಧ ಎಚ್ಚರಿಸಿದ ಮೇಲೆ ತೆರೆದ ಶಸ್ತ್ರಚಿಕಿತ್ಸೆಗಳು ಹೆಚ್ಚಿದವು, ನಿಜ. ಆದರೆ ಕಪ್ಪು ಮತ್ತು ಬಿಳಿ ಮಹಿಳೆಯರ ನಡುವಿನ ಈ ಅಂತರ ಅದಕ್ಕೂ ಮೊದಲಿನಿಂದಲೇ ಇತ್ತು.