ಕಂಟೋನ್ಮೆಂಟ್ ಆದ ನಮ್ಮ ಚಾವಡಿ

ನಮ್ಮ ಫ್ರಿಜ್ಜಿನ ಬಾಗಿಲಿಗೆ ಈ ವಾರ ಹೊಸ ಕಾಗದವೊಂದು ಬಂದು ಅಂಟಿಕೊಂಡಿದೆ. ಹಾಲಿನ ಲೆಕ್ಕವನ್ನೂ ಗ್ಯಾಸ್ ಬುಕ್ ಮಾಡಿದ ತಾರೀಕನ್ನೂ ಮುಚ್ಚಿಹಾಕಿದ, ಸ್ಕೇಲ್ ಇಟ್ಟು ಗೆರೆ ಎಳೆದ ಕಾಗದ. ಮೇಲೆ ‘ಪಾರ್ಟ್ ಒನ್ ಆರ್ಡರ್: ಟೀವಿ’ ಎಂಬ ತಲೆಬರಹ. ಸೋಮವಾರದಿಂದ ಭಾನುವಾರದವರೆಗೆ ಮನೆಯಲ್ಲಿ ಯಾರು, ಯಾವ ಹೊತ್ತಿಗೆ, ಯಾವ ಚಾನೆಲ್ ನೋಡತಕ್ಕದ್ದು ಎಂಬ ಪಟ್ಟಿ. ಟೈಮ್ ಎಲ್ಲ ಮಿಲಿಟರಿ ಲೆಕ್ಕದಲ್ಲಿ. ನನ್ನ ಧಾರಾವಾಹಿ ಬರುವುದು ರಾತ್ರಿ ಎಂಟೂವರೆಗೆ. ಪಟ್ಟಿಯಲ್ಲಿ ಅದು ‘2030 ಅವರ್ಸ್’. ಅತ್ತೆ ಕನ್ನಡಕ ಹಾಕಿಕೊಂಡು ಓದಿ, “ಹಾಗಾದ್ರೆ ಇದು ಎರಡು ಸಾವಿರದ ಮೂವತ್ತನೇ ಇಸವಿಯವರೆಗೂ ಉಂಟಾ?” ಎಂದು ಕೇಳಿದರು. ಆ ಧಾರಾವಾಹಿಯ ನಡಿಗೆ ಗೊತ್ತಿದ್ದವರಿಗೆ ಇದು ತಮಾಷೆಯ ಪ್ರಶ್ನೆ ಅನಿಸುವುದಿಲ್ಲ.

ಪಟ್ಟಿ ಬರೆದವರು ನನ್ನ ಭಾವ, ಗಂಡನ ಅಣ್ಣ. ಸೈನ್ಯದ ಸಿಗ್ನಲ್ಸ್ ವಿಭಾಗದಲ್ಲಿ ಸುಬೇದಾರ್ ಆಗಿ ರಿಟೈರ್ ಆದವರು. ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ, ತೋಟದ ಆಚೆ ಬದಿಗೆ ಅವರ ಮನೆ. ಅಕ್ಕ ಮೊಮ್ಮಗುವನ್ನು ನೋಡಿಕೊಳ್ಳಲು ಬೆಂಗಳೂರಿಗೆ ಹೋಗಿದ್ದಾರೆ. ಮಳೆಗಾಲ ಹಿಡಿಯುವ ಮೊದಲು ಬಂದ ಸಿಡಿಲಿಗೆ ಭಾವನ ಸೆಟ್‌ಟಾಪ್ ಬಾಕ್ಸ್ ಹೋಯಿತು. ಗುಡುಗಿನ ಸದ್ದು ದೂರದಲ್ಲಿ ಕೇಳಿದರೂ ಸಾಕು, ಎಲ್ಲ ಪ್ಲಗ್ ಕಿತ್ತಿಡಬೇಕು ಎನ್ನುವುದು ನಮ್ಮೂರಿನ ಸಣ್ಣ ಮಕ್ಕಳಿಗೂ ಗೊತ್ತು. ಭಾವನಿಗೆ ಗೊತ್ತಿಲ್ಲದೆ ಏನಲ್ಲ. “ನ್ಯೂಸ್ ಮುಗಿಯಲಿ” ಎಂದು ಕೂತಿದ್ದರಂತೆ. ನ್ಯೂಸೂ ಮುಗಿಯಿತು, ಬಾಕ್ಸೂ ಮುಗಿಯಿತು. ಹೊಸ ಬಾಕ್ಸ್ ಕಣ್ಣೂರಿನಿಂದ ಬರಬೇಕು ಎಂದು ಅಂಗಡಿಯವ ಅಂದಿನಿಂದಲೂ ಹೇಳುತ್ತಿದ್ದಾನೆ. ಕಣ್ಣೂರಿನಿಂದ ಯಾರಾದರೂ ತಲೆಮೇಲೆ ಹೊತ್ತು ನಡೆದಿದ್ದರೂ ಇಷ್ಟರಲ್ಲಿ ಚಂದ್ರಗಿರಿ ಹೊಳೆ ದಾಟಬೇಕಿತ್ತು.

ಹಾಗಾಗಿ ಸಂಜೆ ಏಳಕ್ಕೆ ಸರಿಯಾಗಿ ಭಾವ ನಮ್ಮ ಚಾವಡಿಯಲ್ಲಿ ಹಾಜರು. ಸಿಗ್ನಲ್ಸ್‌ನವರ ಧ್ಯೇಯವಾಕ್ಯವೇ ‘ತೀವ್ರ ಚೌಕಸ್’ ಅಂತೆ, ವೇಗವೂ ಬೇಕು ಎಚ್ಚರವೂ ಬೇಕು. ವೇಗವಾಗಿ ಬಂದು ರಿಮೋಟ್ ಹಿಡಿಯುತ್ತಾರೆ, ಎಚ್ಚರದಿಂದ ಬಿಡುವುದಿಲ್ಲ. ನನ್ನ ಗಂಡನಿಗೆ ಹೇಳಿದರೆ “ಅಣ್ಣ ಅಲ್ವಾ” ಎನ್ನುತ್ತಾರೆ. ನಮ್ಮ ಮನೆಯ ಸಂವಿಧಾನ ಇರುವುದೇ ಆ ಎರಡು ಶಬ್ದದಲ್ಲಿ.

ಮೊದಲೇ ನಮ್ಮ ಮನೆಯ ಟೀವಿಗೆ ಕೆಲಸ ಜಾಸ್ತಿ. ಅತ್ತೆಗೆ ಚಂದನದ ಹಳೇ ಹಾಡು ಬೇಕು. ಮಗಳಿಗೆ ಮಲಯಾಳದ ಹಾಡಿನ ಸ್ಪರ್ಧೆ. ಮಗನಿಗೆ ಎಲ್ಲಿ ಯಾರು ಆಡಿದರೂ ಕ್ರಿಕೆಟ್. ಭಾವನಿಗೆ ಹಿಂದಿ ನ್ಯೂಸ್. ಕನ್ನಡ, ಮಲಯಾಳ, ಹಿಂದಿ ಮೂರಕ್ಕೂ ಒಂದೇ ಟೀವಿ. ಜಗಳ ಮಾತ್ರ ತುಳುವಿನಲ್ಲಿ. ಇದೆಲ್ಲ ಶಿಸ್ತಿಗೆ ಬರಲಿ ಎಂದೇ ಭಾವ ಪಟ್ಟಿ ಮಾಡಿದ್ದು. ಅಷ್ಟೇ ಆಗಿದ್ದರೆ ಸುಮ್ನೆ ಸಹಿಸಿಕೊಳ್ಳುತ್ತಿದ್ದೆ. ಕೆಡಿಸಿದವನು ನನ್ನ ಮಗ.

ಅವನು ಫೋನಿನಲ್ಲಿ ಏನೋ ಓದುತ್ತ, “ದೊಡ್ಡಪ್ಪ, ಅಮೆರಿಕದ ಮಿಲಿಟರಿಯವರಿಗೆ ಬೇರೆ ಟೀವಿಯೇ ಉಂಟು” ಎಂದ. ಹೌದಂತೆ. ಜರ್ಮನಿ, ಜಪಾನ್, ಕೊರಿಯಾ ಎಂದು ಹೊರದೇಶದ ನೆಲೆಗಳಲ್ಲಿ ಸಂಸಾರ ಸಮೇತ ಇರುವ ಸೈನಿಕರಿಗೆ ಊರಿನ ಕಾರ್ಯಕ್ರಮ ತೋರಿಸಲು ‘ಅಮೆರಿಕನ್ ಫೋರ್ಸಸ್ ನೆಟ್‌ವರ್ಕ್’ ಇದೆ. ಅವರ ಮಿಲಿಟರಿ ಟೀವಿ ಶುರುವಾದದ್ದು 1953ರಲ್ಲಿ, ಮೇನ್ ರಾಜ್ಯದ ಲೈಮ್‌ಸ್ಟೋನ್ ಎಂಬ ವಾಯುನೆಲೆಯಲ್ಲಿ, ಚಳಿಯಲ್ಲಿ ಕೂತು ಬೇಸರ ಹಿಡಿದವರಿಗಾಗಿ. ಅಲ್ಲಿಯವರೆಗೆ ಭಾವ “ಹೂಂ” ಎಂದು ಕೇಳುತ್ತಿದ್ದರು. ಆಮೇಲೆ ಮಗ ಮುಖ್ಯ ವಿಷಯಕ್ಕೆ ಬಂದ. ಆ ಟೀವಿಯಲ್ಲಿ ವ್ಯಾಪಾರದ ಜಾಹೀರಾತು ಇಲ್ಲ. ಕಾರ್ಯಕ್ರಮ ಮಾಡಿದವರು ಪುಕ್ಕಟೆಗೋ ಕಡಿಮೆ ದರಕ್ಕೋ ಕೊಡುವುದರಿಂದ ಜಾಹೀರಾತು ಹಾಕಿ ದುಡ್ಡು ಮಾಡುವ ಹಾಗಿಲ್ಲ. ಆ ಜಾಗದಲ್ಲಿ ಸೂಚನೆಗಳು ಬರುತ್ತವೆ. ಗುಟ್ಟು ಹೊರಗೆ ಬಿಡಬೇಡಿ, ಕಾರಿನಲ್ಲಿ ಬೆಲ್ಟ್ ಹಾಕಿ, ಕುಡಿದು ಗಾಡಿ ಬಿಡಬೇಡಿ, ಓಟು ಹಾಕಲು ಮರೆಯಬೇಡಿ, ಇಂಥವು.

ಭಾವ ನೆಟ್ಟಗೆ ಕೂತರು. “ಇದಪ್ಪಾ ಸಿಸ್ಟಮ್!” ಎಂದರು. ನನಗೆ ಆಗಲೇ ಹೊಟ್ಟೆಯಲ್ಲಿ ಏನೋ ಆಯಿತು.

ಅವತ್ತು ರಾತ್ರಿಯಿಂದಲೇ ಶುರು. ಧಾರಾವಾಹಿಯ ಮಧ್ಯೆ ಸೋಪಿನ ಜಾಹೀರಾತು ಬಂದ ಕೂಡಲೇ ಭಾವ ಮ್ಯೂಟ್ ಒತ್ತುತ್ತಾರೆ. ಏಳುತ್ತಾರೆ. ಟೀವಿಗೆ ಬೆನ್ನು ಹಾಕಿ, ನಮಗೆ ಮುಖ ಮಾಡಿ, ಕಾಲು ಜೋಡಿಸಿ ನಿಲ್ಲುತ್ತಾರೆ. “ಗಮನಿಸಿ” ಎನ್ನುತ್ತಾರೆ. ಮೊದಲ ಸೂಚನೆ ಗ್ಯಾಸಿನ ರೆಗ್ಯುಲೇಟರ್ ಬಗ್ಗೆ. ಮರುದಿನ ಪಂಪಿನ ಸ್ವಿಚ್. ಆಮೇಲೆ ಬಚ್ಚಲಿನ ಜಾರುವ ಕಲ್ಲು, ಅತ್ತೆಯ ಬಿ.ಪಿ. ಮಾತ್ರೆ, ಗೇಟಿನ ಚಿಲಕ. ಮಗ ಹೆಲ್ಮೆಟ್ ಇಲ್ಲದೆ ಗೆಳೆಯನ ಬೈಕಿನ ಹಿಂದೆ ಕೂತದ್ದು ಎರಡು ಸಲ ಪ್ರಸಾರವಾಯಿತು. ಅಮೆರಿಕದವರ ‘ಗುಟ್ಟು ಹೊರಗೆ ಬಿಡಬೇಡಿ’ ಎನ್ನುವುದನ್ನೂ ಬಿಡಲಿಲ್ಲ. “ಅಟ್ಟದ ಮೇಲೆ ಎಷ್ಟು ಅಡಕೆ ಉಂಟು ಎಂದು ಹೊರಗಿನವರು ಕೇಳಿದರೆ ಯಾರೂ ಬಾಯಿ ಬಿಡಬಾರದು. ಧಾರಣೆ ಏರುವವರೆಗೆ ಇದು ಸೀಕ್ರೆಟ್.” ಇದೊಂದಕ್ಕೆ ನನ್ನ ಗಂಡ ಚಪ್ಪಾಳೆ ತಟ್ಟಿದರು.

ತೊಂದರೆ ಏನೆಂದರೆ, ಜಾಹೀರಾತು ಮುಗಿದರೂ ಭಾವನ ಸೂಚನೆ ಮುಗಿಯುವುದಿಲ್ಲ. ಬೆನ್ನು ಟೀವಿಯ ಕಡೆಗೆ ಇರುವುದರಿಂದ ಹಿಂದೆ ಏನಾಗುತ್ತಿದೆ ಎಂದು ಅವರಿಗೆ ಕಾಣುವುದೂ ಇಲ್ಲ. ಗುರುವಾರ ನನ್ನ ಧಾರಾವಾಹಿಯಲ್ಲಿ ಮದುವೆ. ಎಷ್ಟು ತಿಂಗಳಿಂದ ಕಾದ ಮದುವೆ ಅದು! ಒಬ್ಬನಿಗೆ ಗೊತ್ತು ಮಾಡಿ, ಇನ್ನೊಬ್ಬನನ್ನು ಮಂಟಪಕ್ಕೆ ತಂದು, ತಾಳಿ ಕೈಯಲ್ಲಿ ಹಿಡಿಸಿ, ಅಲ್ಲಿಗೇ ಜಾಹೀರಾತು ಹಾಕಿದರು. ಭಾವ ಎದ್ದರು. ಅವತ್ತಿನ ವಿಷಯ ಬೋರ್ಡೋ. ಮರುದಿನ ಅಡಕೆಗೆ ಮದ್ದು ಬಿಡುವವರು ಬರುವವರಿದ್ದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕಲಸಬೇಕು, ಆಮೇಲೆ ಸೇರಿಸಬೇಕು, ಕಬ್ಬಿಣದ ಪಾತ್ರೆ ಕೂಡದು. ಅಜ್ಜನ ಕಾಲದಿಂದ ಕೊಳೆರೋಗಕ್ಕೆ ಇದನ್ನೇ ಬಿಡುತ್ತಿರುವ ಮನೆಯಲ್ಲಿ ಇದನ್ನು ನಿಂತು ವಿವರಿಸಿದರು! ಸುಣ್ಣ ಸೋಸುವ ಹಂತಕ್ಕೆ ಬರುವಾಗ ಹಿಂದೆ ಮದುವೆ ಮತ್ತೆ ಶುರುವಾಯಿತು. ಭಾವನ ಎಡಗಿವಿಯ ಪಕ್ಕ ಒಂದು ಕೈ ಕಂಡಿತು. ಬಲಗಿವಿಯ ಪಕ್ಕ ಹುಡುಗಿಯ ಜಡೆ. ಮೇಲಿನಿಂದ ಅಕ್ಷತೆ ಬಿತ್ತು. ತಾಳಿ ಬಿದ್ದದ್ದು ಖಂಡಿತ, ಕಟ್ಟಿದವ ಯಾರು?

“ಭಾವ, ಸ್ವಲ್ಪ ಈಚೆ…” ಎಂದೆ. “ಪ್ರಶ್ನೆ ಕೊನೆಗೆ” ಎಂದರು.

ಮರುದಿನ ಬಸ್‌ಸ್ಟಾಪಿನಲ್ಲಿ ಪಕ್ಕದ ಮನೆಯವಳನ್ನು ಕೇಳಿದೆ. ಅವಳ ಮನೆಯಲ್ಲಿ ಮಳೆಗೆ ಸಿಗ್ನಲ್ ಹೋಗಿತ್ತಂತೆ, ಅವಳು ನನ್ನನ್ನು ಕೇಳಬೇಕು ಎಂದು ಕಾಯುತ್ತಿದ್ದಳು.

ಮಳೆಗೆ ಸಿಗ್ನಲ್ ಹೋಗುವುದು ನಮ್ಮಲ್ಲೂ ಇದ್ದದ್ದೇ. ಆಟಿ ತಿಂಗಳ ಮಳೆ ಒಮ್ಮೆ ಹೊಯ್ಯಲು ಶುರುವಾದರೆ ಪರದೆಯ ಮೇಲೆ ‘ನೋ ಸಿಗ್ನಲ್’. ಸಿಗ್ನಲ್ಸ್‌ನಲ್ಲಿ ಇಡೀ ಆಯುಷ್ಯ ಕಳೆದವರ ಎದುರು ಈ ಎರಡು ಶಬ್ದ ಬಂದರೆ ಹೇಗಾಗಬೇಡ! ಭಾವ ಇದನ್ನು ಸ್ವಂತ ಅವಮಾನ ಎಂದೇ ತೆಗೆದುಕೊಳ್ಳುತ್ತಾರೆ. ಡಿಶ್ಶಿಗೆ ಬರುವುದು ಕೆಯು ಬ್ಯಾಂಡ್ ಎಂಬ ಅಲೆ, ಅದನ್ನು ದಪ್ಪ ಮಳೆಹನಿ ಹೀರಿಕೊಳ್ಳುತ್ತದೆ, ಮಳೆ ಕಡಿಮೆಯಾಗುವವರೆಗೆ ಯಾರೂ ಏನೂ ಮಾಡುವ ಹಾಗಿಲ್ಲ ಎಂದು ಚೆನ್ನಾಗಿಯೇ ವಿವರಿಸುತ್ತಾರೆ. ವಿವರಿಸಿ ಮುಗಿಸಿ, ಕೊಡೆ ಹಿಡಿದು, ಡಿಶ್ ತಿರುಗಿಸಲು ಹೊರಗೆ ಹೋಗುತ್ತಾರೆ.

ಬುಧವಾರದ್ದು ಬೇರೆಯೇ ಕತೆ. ಬೆಳಗಿನ ನ್ಯೂಸಿಗೂ ಭಾವ ಬಂದಿದ್ದರು, ರಾತ್ರಿಯಿಡೀ ಮಳೆ ಹೊಯ್ದಿತ್ತಲ್ಲ. ನಾನು ಅಡುಗೆಮನೆಯಲ್ಲಿ ಟಿಫಿನ್ನಿಗೆ ನೀರುದೋಸೆ ಮಡಚುತ್ತಿದ್ದೆ. ಚಾವಡಿಯಿಂದ ಕೂಗು ಬಂತು: “ಕರಾವಳಿಯಲ್ಲಿ ಶಾಲೆಗೆ ರಜೆ! ಡಿಸ್ಮಿಸ್!” ಮಕ್ಕಳು ಯೂನಿಫಾರ್ಮ್ ಕಳಚಿ ಎಸೆದದ್ದು ಯಾವ ಕಮಾಂಡೋಗೂ ಸಾಧ್ಯವಿಲ್ಲದ ವೇಗದಲ್ಲಿ. ದೋಸೆ ಟಿಫಿನ್ನಿನಿಂದ ತಟ್ಟೆಗೆ ಬಂತು. ಅಷ್ಟರಲ್ಲಿ ರಸ್ತೆಯಲ್ಲಿ ಶಾಲೆಯ ಜೀಪು ಹಾರ್ನ್ ಹೊಡೆಯಿತು.

ಕನ್ನಡ ಚಾನೆಲಿನ ಕರಾವಳಿ ತಲಪಾಡಿಗೆ ಮುಗಿಯುತ್ತದೆ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಅಲ್ಲಿಗೆ ಸಮುದ್ರವೂ ಮುಗಿಯಿತು. ಮಲಯಾಳದ ಚಾನೆಲ್ ಹಾಕಿದರೆ ತಿರುವನಂತಪುರದಿಂದ ಶುರುಮಾಡಿ ಒಂದೊಂದೇ ಜಿಲ್ಲೆ ಓದುತ್ತ ಬರುತ್ತಾರೆ. ಹದಿನಾಲ್ಕನೆಯದಾದ ನಮ್ಮ ಹೆಸರು ಬರುವಾಗ ಕರೆಂಟ್ ಹೋಗುತ್ತದೆ. ಅತ್ತ ಕಡೆಯ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಇತ್ತ ಇಲ್ಲ, ಇತ್ತ ಕಲೆಕ್ಟರ್ ಕೊಟ್ಟ ದಿನ ಅತ್ತ ಬಿಸಿಲು. ಮಗ ಪ್ಯಾಂಟಿನೊಳಗೆ ಒಂದು ಕಾಲು ಹಾಕಿ ಕುಂಟುತ್ತ, “ಅದು ಕರ್ನಾಟಕದ ಮಳೆ ದೊಡ್ಡಪ್ಪ, ನಮ್ಮದು ಕೇರಳದ್ದು” ಎಂದ. ಮಗಳು ಅಳುತ್ತಲೇ ಜೀಪು ಹತ್ತಿದಳು. ಅವರ ಸಮಾಜ ಟೀಚರ್ ಬರುವುದು ಮಂಗಳೂರಿನ ಕಡೆಯಿಂದ. ಅವರ ಮಗಳಿಗೆ ಅವತ್ತು ರಜೆ, ಅವರಿಗಿಲ್ಲ. ತರಗತಿಯಲ್ಲಿ ಅವರ ಮುಖವೂ ಹಾಗೇ ಇತ್ತಂತೆ.

ಆ ಸಂಜೆಯ ಸೂಚನೆ ಬಹಳ ಚಿಕ್ಕದಾಗಿತ್ತು. “ಬೆಳಗಿನ ಆರ್ಡರ್ ರದ್ದು” ಎಂದಷ್ಟೇ ಹೇಳಿ ಭಾವ ಕೂತರು.

ಭಾನುವಾರ ಮಧ್ಯಾಹ್ನ ಪಟ್ಟಿಯಲ್ಲಿ ‘ರೀಜನಲ್ ಫಿಲ್ಮ್’ ಎಂದಿತ್ತು. ಈಗ ಯಾವ ಕಾಲದ ರೀಜನಲ್ ಫಿಲ್ಮ್, ಬೇಕೆಂದಾಗೆಲ್ಲ ಕನ್ನಡ ಸಿನಿಮಾ ಬರುತ್ತದಲ್ಲ ಎಂದು ಮಗಳು ಕೇಳಿದಳು. ಜಾಹೀರಾತು ಬಂತು. ಭಾವ ಮ್ಯೂಟ್ ಮಾಡಿದರು, ಆದರೆ ಏಳಲಿಲ್ಲ. ಎಂಬತ್ತರ ದಶಕದ ಮಾತು. ಪಂಜಾಬಿನ ಒಂದು ಕಂಟೋನ್ಮೆಂಟ್. ಯೂನಿಟ್ಟಿಗೆಲ್ಲ ಸೇರಿ ಒಂದು ಟೀವಿ. ಮರದ ಪೆಟ್ಟಿಗೆಯೊಳಗಿನ ಆ ಟೀವಿಯ ಬೀಗದ ಕೈ ಒಬ್ಬ ಹವಾಲ್ದಾರನ ಸೊಂಟದಲ್ಲಿ. 1987ರ ಜನವರಿಯಲ್ಲಿ ರಾಮಾಯಣ ಶುರುವಾದ ಮೇಲೆ ಭಾನುವಾರ ಬೆಳಿಗ್ಗೆ ನಿಲ್ಲಲೂ ಜಾಗ ಇರುತ್ತಿರಲಿಲ್ಲ. ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಸಿನಿಮಾ ಬರುತ್ತಿತ್ತು, ಆಗ ಹೆಚ್ಚಿನವರು ವಾಲಿಬಾಲಿಗೆ ಹೋಗುತ್ತಿದ್ದರು. ಒಂದು ಭಾನುವಾರ ಕನ್ನಡದ ಸರದಿ ಬಂತು. ಭಾವ ಮತ್ತು ಪಯ್ಯನ್ನೂರಿನ ಒಬ್ಬ, ಇಬ್ಬರೇ ಕೂತಿದ್ದರಂತೆ. ಅವನಿಗೆ ಕನ್ನಡ ಬಾರದು. “ನಿನಗೆ ಅರ್ಥ ಆಗ್ತದಾ?” ಎಂದು ಕೇಳಿದ್ದಕ್ಕೆ, “ಅರ್ಥ ಯಾಕೆ, ಆ ಬಾವಿಕಟ್ಟೆ ನಮ್ಮ ಮನೆಯದ್ದೇ” ಎಂದನಂತೆ. ಅರ್ಧದಲ್ಲಿ ಕರೆಂಟ್ ಹೋಯಿತು. ಸಿನಿಮಾದ ಹೆಸರು ಭಾವನಿಗೆ ಮರೆತಿದೆ, ಕೊನೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ. ಅವರು ಹೇಳುತ್ತಿರುವಾಗಲೇ ಜಾಹೀರಾತು ಮುಗಿದು ಸಿನಿಮಾ ಮತ್ತೆ ಶುರುವಾಗಿತ್ತು. ಮಗ ರಿಮೋಟಿಗೆ ಕೈ ಹಾಕಲಿಲ್ಲ. ನಾನೂ ಏನೂ ಹೇಳಲಿಲ್ಲ.

ಸೋಮವಾರ ಬಾಕ್ಸ್ ಬಂತು! ನಾನು ಪಾಯಸ ಮಾಡುವುದೊಂದು ಬಾಕಿ. ಏಳು ಗಂಟೆಗೆ ನೋಡಿದರೆ ಭಾವ ಮತ್ತೆ ಮೆಟ್ಟಿಲ ಮೇಲೆ. ಹೊಸ ಬಾಕ್ಸಿನಲ್ಲಿ ಕನ್ನಡವೇ ಇಲ್ಲವಂತೆ. ಪಿನ್ ನಂಬರ್ 671ರಿಂದ ಶುರುವಾದ ಕಾರಣ ಕೇರಳದ ಪ್ಯಾಕ್ ಹಾಕಿಕೊಟ್ಟಿದ್ದರು. ಅವರ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ನನ್ನ ಗಂಡನ ಫೋನು ತೆಗೆದು ಕಸ್ಟಮರ್ ಕೇರಿಗೆ ಹಚ್ಚಿ ಸ್ಪೀಕರ್ ಹಾಕಿದರು. ಮಲಯಾಳಕ್ಕೆ ಒಂದು ಒತ್ತಿ, ಹಿಂದಿಗೆ ಎರಡು, ಇಂಗ್ಲಿಷಿಗೆ ಮೂರು. ಕನ್ನಡಕ್ಕೆ ಒತ್ತಲು ಏನೂ ಇರಲಿಲ್ಲ. ಭಾವ ಎರಡು ಒತ್ತಿದರು. “ಸರ್, ನಿಮ್ಮ ಲೊಕೇಶನ್ ಕೇರಳ ಎಂದು ತೋರಿಸುತ್ತಿದೆ” ಎಂದಳು ಹುಡುಗಿ ಹಿಂದಿಯಲ್ಲಿ.

“ಗೊತ್ತಮ್ಮಾ” ಎಂದರು ಭಾವ, ಅವರೂ ಹಿಂದಿಯಲ್ಲೇ. “1956ರಿಂದ ಹಾಗೇ ತೋರಿಸುತ್ತಿದೆ.”

ಹುಡುಗಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಪಾಪ, ಬಹಳ ಮರ್ಯಾದೆಯಿಂದ ಮಲಯಾಳದ ಪ್ಯಾಕ್ ತೆಗೆದು ಕನ್ನಡದ ಪ್ಯಾಕ್ ಹಾಕಿಕೊಟ್ಟಳು. ಭಾವ “ಜೈ ಹಿಂದ್” ಎಂದು ಫೋನಿಟ್ಟರು. ಆದರೆ ಅವಳು ನೋಡಿದ್ದು ಫೋನ್ ಬಂದ ನಂಬರನ್ನು. ಬದಲಾದದ್ದು ನಮ್ಮ ಬಾಕ್ಸು. ನಮ್ಮಲ್ಲಿದ್ದ ಮಲಯಾಳದ ಹಾಡಿನ ಸ್ಪರ್ಧೆ ಅಲ್ಲಿಗೆ ನಿಂತಿತು. ಭಾವನ ಮನೆಯಲ್ಲಿ ಕನ್ನಡ ಈಗಲೂ ಇಲ್ಲ.

ಹಾಗಾಗಿ ಈಗ ಸಂಜೆ ಏಳಕ್ಕೆ ಮಗಳು ಹಾಡು ಕೇಳಲು ಭಾವನ ಮನೆಗೆ ಹೊರಡುತ್ತಾಳೆ. ಭಾವ ನಮ್ಮಲ್ಲಿಗೆ ಹೊರಡುತ್ತಾರೆ. ತೋಟದ ಸಂಕದ ಮೇಲೆ ಇಬ್ಬರೂ ಎದುರಾಗುತ್ತಾರೆ. ಒಬ್ಬರು ಮಾತ್ರ ದಾಟಬಹುದಾದ ಸಂಕ ಅದು. ಅವಳು ಸೆಲ್ಯೂಟ್ ಹೊಡೆಯದೆ ಭಾವ ದಾರಿ ಬಿಡುವುದಿಲ್ಲವಂತೆ.