ಯುರೋಪ್ ಪರ ಅಂದ್ರೆ ಯಾರ ಪರ ಸ್ವಾಮಿ?

ಮೊಲ್ಡೋವಾದಲ್ಲೋ ಜಾರ್ಜಿಯಾದಲ್ಲೋ ಎಲೆಕ್ಷನ್ ಆದಾಗೆಲ್ಲ ಪೇಪರಿನ ವಿದೇಶ ಪುಟದಲ್ಲಿ ಒಂದು ಹೆಡ್‌ಲೈನ್ ಗ್ಯಾರಂಟಿ, "ಯುರೋಪ್ ಪರ ಪಕ್ಷಕ್ಕೆ ಗೆಲುವು", ಇಲ್ಲಾಂದ್ರೆ "ಯುರೋಪ್ ಪರ ಪಕ್ಷಕ್ಕೆ ಹಿನ್ನಡೆ". ಹಾಗಾದ್ರೆ ಸೋತೋರು ಯಾವ ಖಂಡದ ಪರ ಇದ್ರು? ನಾವು ಹುಟ್ಟಿದ್ದೂ ಏಷ್ಯಾ, ಸಾಯೋದೂ ಬಹುಶಃ ಏಷ್ಯಾದಲ್ಲೇ, ಆದ್ರೂ ಇವತ್ತಿನವರೆಗೂ ಒಬ್ಬ ಕಾರ್ಪೊರೇಟರ್ ಕೂಡ "ನಾನು ಏಷ್ಯಾ ಪರ, ನಿಮ್ಮ ಅಮೂಲ್ಯ ಮತ ನನಗೇ" ಅಂತ ಕೈ ಮುಗ್ದಿದ್ದು ನಾನಂತೂ ಕಂಡಿಲ್ಲ.

ಶುರುವಿನಲ್ಲಿ ಈ ಮಾತಿಗೆ ಒಂದು ತೂಕ ಇತ್ತು ಬಿಡಿ. 1941ರಲ್ಲಿ ಮುಸೊಲಿನಿ ಸರ್ಕಾರ ವೆಂಟೊಟೆನೆ ಅನ್ನೋ ಚಿಕ್ಕ ದ್ವೀಪದಲ್ಲಿ ಕೂಡಿ ಹಾಕಿದ್ದ ಅಲ್ಟಿಯೆರೊ ಸ್ಪಿನೆಲ್ಲಿ ಮತ್ತವರ ಜೊತೆಯವರು, ದೇಶ ದೇಶ ಬಡಿದಾಡಿಕೊಂಡು ಸತ್ತಿದ್ದು ಸಾಕು, ಎಲ್ಲಾ ಸೇರಿ ಒಂದೇ ಒಕ್ಕೂಟ ಆಗೋಣ ಅಂತ ಪ್ರಣಾಳಿಕೆ ಬರೆದ್ರು. ಅದು ಕೈದಿಗಳು ಬರೆದಿದ್ದು, ಗ್ರಾಂಟಿಗೆ ಹಾಕಿದ ಅರ್ಜಿ ಅಲ್ಲ. ಆಮೇಲೆ ಯಾರು ಬೇಕಾದ್ರೂ ಹಾಕ್ಕೊಂಡು ಯಾವಾಗ ಬೇಕಾದ್ರೂ ಕಳಚಿಡೋ ಬಿರುದಾಯ್ತು. ಬ್ರಿಟನ್ನಿನ ಮಾರ್ಗರೆಟ್ ಥ್ಯಾಚರ್, ಇವತ್ತಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಕೂಟದಲ್ಲಿ ಬ್ರಿಟನ್ ಇರ್ಬೇಕಾ ಬೇಡ್ವಾ ಅಂತ ಜನರನ್ನ ಕೇಳಿದ 1975ರ ರೆಫರೆಂಡಮ್ ಟೈಮಲ್ಲಿ ಯುರೋಪಿನ ದೇಶಗಳ ಬಾವುಟ ಹೆಣೆದಿರೋ ಸ್ವೆಟರ್ ತೊಟ್ಟು "ಒಳಗೇ ಇರೋಣ" ಅಂತ ಪ್ರಚಾರ ಮಾಡಿದ್ರು, ಅದೇ ಥ್ಯಾಚರ್ 1988ರಲ್ಲಿ ಬೆಲ್ಜಿಯಂನ ಬ್ರೂಜ್‌ನಲ್ಲಿ ಮಾಡಿದ ಭಾಷಣ ಆಮೇಲೆ ಯುರೋಪ್ ವಿರೋಧಿಗಳಿಗೆಲ್ಲ ವೇದವಾಕ್ಯ ಆಯ್ತು. ತಮಾಷೆ ಏನಪ್ಪಾ ಅಂದ್ರೆ ಆ ಭಾಷಣದಲ್ಲೂ ನಮ್ಮ ಭವಿಷ್ಯ ಯುರೋಪಲ್ಲೇ ಇರೋದು ಅಂತಾನೇ ಹೇಳಿದಾರೆ.

ಭೂಗೋಳ ಕೇಳ್ಬೇಡಿ. 1987ರಲ್ಲಿ ಮೊರಾಕೊ ಈ ಕೂಟಕ್ಕೆ ಸೇರ್ತೀವಿ ಅಂತ ಅರ್ಜಿ ಹಾಕ್ತು, ನೀವು ಯುರೋಪ್ ಅಲ್ಲ ಅಂತ ವಾಪಸ್. ಸಿರಿಯಾ ತೀರದಿಂದ ನೂರು ಕಿಲೋಮೀಟರ್ ಆಸುಪಾಸಲ್ಲಿರೋ ಸೈಪ್ರಸ್ಸು 2004ರಲ್ಲಿ ಸೀದಾ ಒಳಗೆ.

ನಿಜವಾದ ಯುರೋಪ್ ಪರ ಅಂದ್ರೆ ಏನು ಅಂತ ತಿಳ್ಕೋಬೇಕಾದ್ರೆ ಮ್ಯಾಸಿಡೋನಿಯಾದವರನ್ನ ಕೇಳಿ, ಸಾರಿ, ಉತ್ತರ ಮ್ಯಾಸಿಡೋನಿಯಾ. ಆ "ಉತ್ತರ" ಇದೆಯಲ್ಲ, ಅದೇ ಅವರು ಕಟ್ಟಿದ ಫೀಸು. 2005ರಲ್ಲೇ ಒಕ್ಕೂಟ ಸೇರೋಕೆ ಕ್ಯಾಂಡಿಡೇಟ್ ಪಟ್ಟ ಸಿಕ್ತು, ಆದ್ರೆ ಆಗ್ಲೇ ಒಳಗಿದ್ದ ಪಕ್ಕದ ಗ್ರೀಸು, ಮ್ಯಾಸಿಡೋನಿಯಾ ಅನ್ನೋದು ನಮ್ಮ ಪ್ರಾಂತ್ಯದ ಹೆಸರು, ಅಲೆಕ್ಸಾಂಡರ್ ನಮ್ಮೋನು, ಹೆಸರು ಬದಲಾಯಿಸೋವರೆಗೂ ಬಿಡಲ್ಲ ಅಂತ ಅಡ್ಡ ಮಲಗ್ತು. ಇವರೂ ಹಠಕ್ಕೆ ಬಿದ್ದು ರಾಜಧಾನಿ ಸ್ಕೋಪ್ಯೆ ಏರ್‌ಪೋರ್ಟಿಗೆ ಅಲೆಕ್ಸಾಂಡರ್ ಹೆಸರಿಟ್ರು, ಊರ ಮಧ್ಯೆ ಕುದುರೆ ಮೇಲೆ ಕೂತ ಭಾರೀ ಪ್ರತಿಮೆ ನಿಲ್ಲಿಸಿ, ಹೆಸರು ಮಾತ್ರ "ಕುದುರೆ ಮೇಲಿನ ಯೋಧ" ಅಂತ ಕೊಟ್ರು, ಯಾರಿಗೂ ಗೊತ್ತಾಗಲ್ಲ ನೋಡಿ. ಕೊನೆಗೆ ಸಾಕಾಗಿ 2018ರಲ್ಲಿ ಏರ್‌ಪೋರ್ಟ್ ಹೆಸರನ್ನೂ ಕಿತ್ತು, ದೇಶದ ಹೆಸರನ್ನೂ ಬದಲಾಯಿಸ್ತೀವಿ ಅಂತ ಪ್ರೆಸ್ಪಾ ಸರೋವರದ ದಂಡೆಲಿ ಗ್ರೀಸ್ ಜೊತೆ ಸೈನ್ ಹಾಕಿ 2019ಕ್ಕೆ ಬೋರ್ಡು ಬದಲಾಯಿಸಿದ್ರು. ಇನ್ನೇನು ಬಾಗಿಲು ತೆಗೀತಾರೆ ಅನ್ನೋವಾಗ ಅದೇ ವರ್ಷ ಅಕ್ಟೋಬರಲ್ಲಿ, ಮೊದಲು ಸೇರಿಸ್ಕೊಳ್ಳೋ ಪದ್ಧತಿನೇ ಸರಿ ಮಾಡ್ಬೇಕು ಅಂತ ಫ್ರಾನ್ಸಿನ ಮಾಕ್ರೋನ್ ತಡೆದ್ರು. ಮಾಕ್ರೋನ್ ಅಂದ್ರೆ ಯುರೋಪ್ ಪರರಲ್ಲೇ ಯುರೋಪ್ ಪರ, 2017ರಲ್ಲಿ ಗೆದ್ದ ರಾತ್ರಿ ಯುರೋಪಿನ ಗೀತೆ ಹಾಕಿಸ್ಕೊಂಡು ಸ್ಟೇಜಿಗೆ ನಡ್ಕೊಂಡು ಬಂದಿದ್ದ ಮನುಷ್ಯ! ಅದು ಮುಗೀತು ಅನ್ನೋಷ್ಟರಲ್ಲಿ 2020ರಲ್ಲಿ ಬಲ್ಗೇರಿಯಾ, ನಿಮ್ಮ ಭಾಷೆ ಬೇರೆ ಭಾಷೆನೇ ಅಲ್ಲ ನಮ್ಮದೇ ಉಪಭಾಷೆ, 1903ರಲ್ಲಿ ಸತ್ತ ಗೋತ್ಸೆ ದೆಲ್ಚೆವ್ ಅನ್ನೋ ಕ್ರಾಂತಿಕಾರಿ ನಮ್ಮೋನು, ಮೊದ್ಲು ಅದನ್ನ ಒಪ್ಕೊಳ್ಳಿ ಅಂತು. ಈಗ ಸಂವಿಧಾನದಲ್ಲಿ ಬಲ್ಗೇರಿಯನ್ನರ ಹೆಸರು ಸೇರಿಸ್ಬೇಕಂತೆ. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ದೆವ್ವ ಬರದೇ ಇರ್ಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಬರೀತಿದ್ರಲ್ಲ, ಒಕ್ಕೂಟದ ಕಚೇರಿಗಳಿರೋ ಬ್ರಸೆಲ್ಸ್ ಬಾಗಿಲ ಮೇಲೂ ಅದನ್ನೇ ಬರೆದಿರ್ಬೇಕು, ಬಹುಶಃ 24 ಅಧಿಕೃತ ಭಾಷೆಗಳಲ್ಲೂ.

2024ರಲ್ಲಿ ಮ್ಯಾಸಿಡೋನಿಯಾ ಜನ ಆ ಸಂವಿಧಾನದ ಬದಲಾವಣೆಗೆ ಒಪ್ಪದ ಪಕ್ಷವನ್ನೇ ಗೆಲ್ಲಿಸಿದ್ರು. ಹೊಸ ಅಧ್ಯಕ್ಷೆ ಪ್ರಮಾಣವಚನದಲ್ಲಿ "ಉತ್ತರ" ಬಿಟ್ಟು ಬರೀ ಮ್ಯಾಸಿಡೋನಿಯಾ ಅಂದ್ರು, ಗ್ರೀಸ್ ರಾಯಭಾರಿ ಎದ್ದು ಹೊರಟೇ ಹೋದ್ರು.

ಇನ್ನು ಜಾರ್ಜಿಯಾ ಕಥೆ ಉಲ್ಟಾ. ಅಲ್ಲಿ ಯುರೋಪ್ ಪರ ಇರೋದು ಐಚ್ಛಿಕ ಅಲ್ಲ ಕಡ್ಡಾಯ, ಸಂವಿಧಾನದ 78ನೇ ವಿಧಿ ಪ್ರಕಾರ ಐರೋಪ್ಯ ಒಕ್ಕೂಟ ಸೇರೋಕೆ ಸರ್ಕಾರಿ ಸಂಸ್ಥೆಗಳೆಲ್ಲ ತಮ್ಮ ಕೈಲಾದ ಎಲ್ಲಾ ಕ್ರಮ ತಗೋಬೇಕು. ಆಳೋ ಪಕ್ಷ ಜಾರ್ಜಿಯನ್ ಡ್ರೀಮ್ ಕೂಡ 2024ರ ಎಲೆಕ್ಷನ್‌ನಲ್ಲಿ ನಾವು ಯುರೋಪಿಗೇ ಹೋಗೋದು, ಆದ್ರೆ ಘನತೆಯಿಂದ, ಅಂತಾನೇ ವೋಟ್ ಕೇಳಿದ್ದು. ಅಕ್ಟೋಬರಲ್ಲಿ ಗೆದ್ವಿ ಅಂದ್ರು, ನವೆಂಬರ್ 28ಕ್ಕೆ ಪ್ರಧಾನಿ ಕೊಬಾಖಿಡ್ಜೆ ಬಂದು 2028ರ ಕೊನೆವರೆಗೂ ಸೇರೋ ಮಾತುಕತೆನೇ ಬೇಡ ಅಂತ ಘೋಷಿಸಿದ್ರು. ಟ್ಬಿಲಿಸಿಯ ರುಸ್ತಾವೆಲಿ ರಸ್ತೆಲಿ ಜನ ಒಕ್ಕೂಟದ ನೀಲಿ ಬಾವುಟ ಹಿಡ್ಕೊಂಡು ನಿಂತ್ರೆ ಅವರ ಮೇಲೆ ವಾಟರ್ ಕ್ಯಾನನ್ನು, ಅಂದ್ರೆ ಬಾವುಟ ಹಿಡಿದೋರೂ ಯುರೋಪ್ ಪರ, ನೀರು ಬಿಡಿಸಿದೋರೂ ಯುರೋಪ್ ಪರ.

ಒಳಗಿರೋರಿಗೆ ಈ ಪರೀಕ್ಷೆ ಯಾವ್ದೂ ಇಲ್ಲ. 2022ರಲ್ಲಿ ಯುರೋಪಿನ ಪಾರ್ಲಿಮೆಂಟೇ ಹಂಗೇರಿಯನ್ನ ಇದು ಪೂರ್ತಿ ಪ್ರಜಾಪ್ರಭುತ್ವ ಅಲ್ಲ ಅಂತ ನಿರ್ಣಯ ಮಾಡ್ತು. ಎರಡು ವರ್ಷಕ್ಕೆ ಸರದಿ ಬಂತು ಅಂತ ಅದೇ ಹಂಗೇರಿಯ ಆಗಿನ ಪ್ರಧಾನಿ ಓರ್ಬಾನ್ ಸರ್ಕಾರದ ಕೈಗೆ ಒಕ್ಕೂಟದ ಸಚಿವರ ಮಂಡಳಿಯ ಆರು ತಿಂಗಳ ಅಧ್ಯಕ್ಷತೆ ಕೊಟ್ರು, ಅವರು ಟ್ರಂಪ್ ಸ್ಲೋಗನ್ ಕಾಪಿ ಹೊಡೆದು "ಯುರೋಪನ್ನ ಮತ್ತೆ ಗ್ರೇಟ್ ಮಾಡೋಣ" ಅಂತ ಬ್ಯಾನರ್ ಹಾಕಿದ್ರು. ಲೆಕ್ಕಕ್ಕೆ ಇದೂ ಯುರೋಪ್ ಪರಾನೇ ತಾನೆ.

ದುಡ್ಡಿನ ವಿಷಯಕ್ಕೆ ಬಂದ್ರಂತೂ ಇನ್ನೂ ಚೆಂದ. ಸ್ವೀಡನ್ 1995ರಲ್ಲೇ ಒಳಗೆ ಹೋಯ್ತು, ಮುಂದೆ ಯುರೋ ಕರೆನ್ಸಿ ತಗೋತೀವಿ ಅಂತ ನಿಯಮ ಒಪ್ಕೊಂಡೇ ಹೋಗಿದ್ದು, 2003ರಲ್ಲಿ ಜನರನ್ನ ಕೇಳಿದ್ರೆ ಬೇಡ ಅಂದ್ರು, ಅಷ್ಟೇ, ಕ್ರೋನಾನೇ ಗತಿ, ಯಾರೂ ತುಟಿ ಪಿಟಕ್ ಅನ್ನಲಿಲ್ಲ. ಮಾಂಟೆನೆಗ್ರೋ ಒಳಗೇ ಹೋಗಿಲ್ಲ, ಆದ್ರೂ 2002ರಿಂದ ಅಲ್ಲಿ ಕಾಫಿಗೂ ಸಂಬಳಕ್ಕೂ ಯುರೋನೇ, ಇದಕ್ಕಿಂತ ಯುರೋಪ್ ಪರ ಇನ್ನೇನಿರೋಕೆ ಸಾಧ್ಯ ಹೇಳಿ? ಅವರಿಗೆ 2007ರಲ್ಲೇ ಬ್ರಸೆಲ್ಸ್‌ನಿಂದ ತಗಾದೆ ಬಂತು, ನೀವು ನಮ್ಮ ಯುರೋ ಬಳಸ್ತಿರೋ ರೀತಿ ನಮ್ಮ ಒಪ್ಪಂದಕ್ಕೆ ಸರಿ ಹೊಂದಲ್ಲ, ಸೇರೋಕೆ ಬಂದಾಗ ಇದರ ಬಗ್ಗೆ ಮಾತಾಡೋದಿದೆ ಅಂತ.