ಸ್ಪಿರಿಡಾನ್ ಅಪರೂಪವೇ? ಕೊರ್ಫುವಿನಲ್ಲಿ ಕೇಳಿ ನೋಡಿ

‘ಸ್ಪಿರಿಡಾನ್ ಎಂಬ ಹೆಸರು ಈಗ ಗ್ರೀಸ್‌ನಲ್ಲೇ ಅಪರೂಪ’ ಎಂದು ಲೇಖನವೊಂದರಲ್ಲಿ ಓದಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆ ಪೂರ್ಣರೂಪ ಬೀದಿಯಲ್ಲಿ ಕಿವಿಗೆ ಬೀಳುವುದು ಕಡಿಮೆ, ನಿಜ. ಚರ್ಚಿನಲ್ಲಿ, ಸರ್ಕಾರಿ ಕಾಗದದಲ್ಲಿ ಸ್ಪಿರಿಡಾನ್ ಆಗಿರುವವನು ಮನೆಯಲ್ಲೂ ಪೇಟೆಯಲ್ಲೂ ಸ್ಪಿರೋಸ್. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಗೆದ್ದ ಸ್ಪಿರಿಡಾನ್ ಲೂಯಿಸ್ ಕೂಡ ಗ್ರೀಕರ ಬಾಯಲ್ಲಿ ಸ್ಪಿರೋಸ್ ಲೂಯಿಸ್. ಇವೆರಡನ್ನೂ ಬೇರೆ ಬೇರೆ ಹೆಸರೆಂದು ಎಣಿಸಿದರೆ ಲೆಕ್ಕ ತಪ್ಪದೆ ಇನ್ನೇನಾದೀತು?

ಆ ಲೇಖನದಲ್ಲಿ ಗ್ರೀಸ್‌ನ ಕೊರ್ಫು ದ್ವೀಪದ ಪ್ರಸ್ತಾಪವೇ ಇಲ್ಲದಿರುವುದು ಇನ್ನೂ ಬೇಸರದ ಸಂಗತಿ. ಸೈಪ್ರಸ್‌ನಲ್ಲಿ ಕುರಿ ಕಾಯುತ್ತಿದ್ದು ಆಮೇಲೆ ಬಿಷಪ್ ಆದ, ನಾಲ್ಕನೇ ಶತಮಾನದ ಸಂತ ಸ್ಪಿರಿಡಾನ್‌ನ ಪಾರ್ಥಿವ ಶರೀರ ಇರುವುದು ಅಲ್ಲಿಯೇ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಪತನವಾದ ಬಳಿಕ ಅದನ್ನು ಆ ದ್ವೀಪಕ್ಕೆ ತಂದರು. ವರ್ಷಕ್ಕೆ ನಾಲ್ಕು ಬಾರಿ ಮೆರವಣಿಗೆ ನಡೆಯುತ್ತದೆ. ಆಗಸ್ಟ್ 11ರದ್ದು, 1716ರ ಒಟ್ಟೋಮನ್ ಮುತ್ತಿಗೆಯಿಂದ ಊರು ಪಾರಾದ ನೆನಪಿಗೆ. ದೇಹವನ್ನು ನಿಂತ ಭಂಗಿಯಲ್ಲೇ, ಗಾಜಿನೊಳಗಿಂದ ಕಾಣುವಂತೆ, ಹೊತ್ತು ಸಾಗುತ್ತಾರೆ. ಜೊತೆಗೆ ಊರಿನ ವಾದ್ಯವೃಂದಗಳು.

ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ನಮ್ಮಲ್ಲಿರುವಂತೆ ಅಲ್ಲಿಯೂ ಇದೆ. ಸಂತನ ಹಬ್ಬದ ದಿನ ಅವನ ಹೆಸರಿನವರಿಗೆ ಶುಭಾಶಯ ಹೇಳುವುದೂ ಅಲ್ಲಿನ ರೂಢಿ. ಹಾಗಾಗಿ ಡಿಸೆಂಬರ್ 12ರ ಆ ಹಬ್ಬದಂದು ಒಂದೇ ಕುಟುಂಬದಲ್ಲಿ ಅಜ್ಜ, ಮೊಮ್ಮಗ, ಆ ಹುಡುಗನ ದೊಡ್ಡಪ್ಪನ ಮಗ, ಹೀಗೆ ಮೂವರು ಸ್ಪಿರೋಸ್‌ಗಳಿಗೂ ಶುಭಾಶಯ ಹೇಳಬೇಕಾಗಿ ಬರುವುದು ಕೊರ್ಫುವಿನಲ್ಲಿ ಯಾರಿಗೂ ಸೋಜಿಗವಲ್ಲ.